ಅಪೀಲಿನಲ್ಲಿ ಹುರುಳಿಲ್ಲ ಅನ್ನಿಸಿದರೆ ಸರ್ಕಾರಿ ಖರ್ಚಿನ ವಕೀಲರು ಏನು ಮಾಡಬೇಕು?

ದಾವಣಗೆರೆ ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆಯಾದರೆ ಅಪೀಲು ಬೆಂಗಳೂರಿನ ಹೈಕೋರ್ಟಿಗೇ, ಪಕ್ಕದ ಹಾವೇರಿಯವರ ಹಾಗೆ ಧಾರವಾಡ ಪೀಠಕ್ಕಲ್ಲ. ಅವಧಿ 60 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತೊಡಕು ಆಮೇಲಿನದು: ಕಡತ ಓದಿದ ಪ್ಯಾನಲ್ ವಕೀಲರಿಗೆ (ಕಾನೂನು ಸೇವಾ ಸಂಸ್ಥೆ ತನ್ನ ಪಟ್ಟಿಯಿಂದ ಕೊಡುವ ವಕೀಲರು) ‘ಇದರಲ್ಲಿ ಏನೂ ಇಲ್ಲ’ ಅನ್ನಿಸುತ್ತದೆ.

ಅಮೆರಿಕದಲ್ಲಿ 1967ರ ಆ್ಯಂಡರ್ಸ್ ತೀರ್ಪಿನ ಪ್ರಕಾರ ಬರೀ ಒಂದು ಕಾಗದ ಬರೆದು ಎದ್ದು ಹೋಗುವಂತಿಲ್ಲ. ವಾದಕ್ಕೆ ಎಳೆ ಸಿಗಬಹುದಾದ ಜಾಗಗಳನ್ನೆಲ್ಲ ಕಡತದಿಂದ ಎತ್ತಿ ತೋರಿಸಬೇಕು, ಪ್ರತಿಯನ್ನು ಕಕ್ಷಿದಾರನಿಗೂ ಕೊಡಬೇಕು. ಆಮೇಲೆ ಕೋರ್ಟೇ ಇಡೀ ಕಡತ ನೋಡುತ್ತದೆ.

ನಮ್ಮಲ್ಲಿ ಇಂಥ ಪದ್ಧತಿಯಿಲ್ಲ. 2010ರ ಕಾನೂನು ಸೇವಾ ನಿಯಮಾವಳಿಯಂತೆ ಪ್ರಕರಣ ಬಿಡಬೇಕೆನ್ನುವ ಪ್ಯಾನಲ್ ವಕೀಲರು ಕಾರಣ ಬರೆದುಕೊಟ್ಟು ಕಾನೂನು ಸೇವಾ ಸಂಸ್ಥೆಯ ಕಾರ್ಯದರ್ಶಿಯ ಅನುಮತಿ ಪಡೆಯಬೇಕು. ಕಕ್ಷಿದಾರನಿಗೆ ಸಾಕಷ್ಟು ಮುಂಚೆ ತಿಳಿಸಬೇಕೆಂದು ಬಾರ್ ಕೌನ್ಸಿಲ್ ನಿಯಮವೂ ಹೇಳುತ್ತದೆ. ಎಡವಟ್ಟಾಗುವುದು ಇಲ್ಲೇ. ಹಿಂದೆ ಸರಿಯುತ್ತೇನೆಂಬ ಮೆಮೊ ಕೋರ್ಟಿಗೆ ಹೋಗಿರುತ್ತದೆ, ಜೈಲಿನಲ್ಲಿದ್ದವನಿಗೆ ಸುದ್ದಿಯೇ ಇರುವುದಿಲ್ಲ. ವಕೀಲರು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅಪೀಲು ವಜಾ ಆಗಕೂಡದು, ಕಡತ ನೋಡಿಯೇ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟ್ 1996ರ ಬಾನಿ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದ್ದೇ ಆದ ಪಾಂಡುರಂಗ ಪ್ರಕರಣದಲ್ಲಿ, 2013ರಲ್ಲಿ, ಅದನ್ನೇ ಎತ್ತಿಹಿಡಿಯಿತು. ಆದರೆ ಕಡತದ ಯಾವ ಪುಟ ಮುಖ್ಯ ಎಂದು ಬೆರಳಿಟ್ಟು ತೋರಿಸುವವರು ಯಾರು?

ನನ್ನ ಮಟ್ಟಿಗೆ, ‘ಹುರುಳಿಲ್ಲ’ ಎನ್ನುವವರಲ್ಲಿ ಬಹಳ ಜನ ಶಿಕ್ಷೆಯ ಆದೇಶವನ್ನು ಸರಿಯಾಗಿ ಓದಿರುವುದಿಲ್ಲ. ಎರಡು ಅಪರಾಧಕ್ಕೆ ಜೈಲು ಶಿಕ್ಷೆ ಕೊಟ್ಟು ‘ಏಕಕಾಲಕ್ಕೆ’ ಎಂದು ಬರೆಯದಿದ್ದರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುತ್ತಿತ್ತು. ಅದರ ಜಾಗಕ್ಕೆ 2024ರ ಜುಲೈಯಲ್ಲಿ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಏಕಕಾಲಕ್ಕೋ ಒಂದಾದ ಮೇಲೊಂದೋ ಎಂದು ಕೋರ್ಟೇ ಹೇಳಬೇಕು. ಒಂದಾದ ಮೇಲೊಂದು ಅಂದರೆ ಮೂರು ವರ್ಷ, ಎರಡು ವರ್ಷ ಸೇರಿ ಐದಾಗುತ್ತದೆ. ವಿಚಾರಣೆ ವೇಳೆ ಒಳಗಿದ್ದ ದಿನಗಳನ್ನು ಕಳೆದಿದ್ದಾರೆಯೇ ನೋಡಬೇಕು. ತಪ್ಪೊಪ್ಪಿಕೊಂಡವರಿಗೂ ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆಯ ಮೇಲೆ ಅಪೀಲು ಉಂಟು. ಆರೋಪಿಯ ಹೇಳಿಕೆ ಪಡೆಯುವಾಗ ಅವನ ಮುಂದಿಡದ ಸಾಕ್ಷ್ಯವನ್ನು ಅವನ ವಿರುದ್ಧ ಬಳಸಿದ್ದರೆ ಅದೂ ಒಂದು ಎಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ ನೋಡದೆ ಕಡತ ಮುಚ್ಚಲೇಬಾರದು. ಘಟನೆಯ ದಿನ 18 ತುಂಬಿರಲಿಲ್ಲವೆಂಬ ವಾದವನ್ನು ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು.

ಇಷ್ಟೆಲ್ಲ ನೋಡಿಯೂ ವಕೀಲರು ಹಿಂದೆ ಸರಿದರು, 60 ದಿನ ಹತ್ತಿರ ಬಂತು ಅಂದರೆ, ಕೈದಿ ಜೈಲಿನ ಮುಖ್ಯಾಧಿಕಾರಿಗೇ ಅಪೀಲು ಅರ್ಜಿ, ತೀರ್ಪಿನ ನಕಲು ಕೊಡಬಹುದು (ಬಿಎನ್‌ಎಸ್‌ಎಸ್ ಕಲಂ 424). ಕೋರ್ಟಿಗೆ ಕಳಿಸುವುದು ಅಧಿಕಾರಿಯ ಕೆಲಸ. ನಕಲಿಗೆ ದುಡ್ಡು ಕೊಡಬೇಕಿಲ್ಲ.