ಸಿಹಿ ರಸವೂ ಕಳ್ಳೇ ಎನ್ನುವ ಕಾನೂನು

ಕೇರಳದ ಅಬಕಾರಿ ಕಾಯ್ದೆ ಕಳ್ಳನ್ನು ಹೇಗೆ ವಿವರಿಸುತ್ತದೆ ಎಂಬುದನ್ನು ತೆಂಗಿನ ತೋಟವಿರುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ತೆಂಗು, ತಾಳೆ, ಈಚಲು ಅಥವಾ ಆ ಜಾತಿಯ ಯಾವುದೇ ಮರದಿಂದ ಇಳಿಸಿದ ರಸ, ಹುಳಿ ಬಂದಿರಲಿ ಬಾರದಿರಲಿ, ಕಳ್ಳು. ಕಾಯ್ದೆ ಹುಟ್ಟಿದ್ದು ಕೊಚ್ಚಿ ಸಂಸ್ಥಾನದಲ್ಲಿ, ಕೊಲ್ಲಂ ವರ್ಷ 1077ರಲ್ಲಿ. ಅಂದರೆ ನಮ್ಮ ಲೆಕ್ಕದ 1902ರ ಆಸುಪಾಸು. 1967ರಲ್ಲಿ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿದಾಗ ಕಾಸರಗೋಡಿಗೂ ಬಂತು.

ಇತ್ತ 2018ರ ಆಹಾರ ಸುರಕ್ಷತಾ ನಿಯಮ ದೇಶಕ್ಕೆಲ್ಲ ಒಂದು ಗೆರೆ ಎಳೆದಿದೆ: ಮದ್ಯಸಾರ ಶೇ. 0.5ಕ್ಕಿಂತ ಹೆಚ್ಚಿದ್ದರೆ ಅದು ಮದ್ಯ. ಒಂದೇ ಲೋಟದ ರಸವನ್ನು ಒಂದು ಕಾನೂನು ಆಹಾರ ಎನ್ನುತ್ತದೆ, ಇನ್ನೊಂದು ಕಳ್ಳು ಎನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಬಹುದಾದ ಎಷ್ಟೋ ಕೆಲಸಗಳು ಈ ಎರಡರ ನಡುವೆ ಸಿಕ್ಕಿಬಿದ್ದಿವೆ.

ಆ ರಸದ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ಕಾಸರಗೋಡು ಎಂಬುದು ಇನ್ನೂ ನೋವಿನ ಸಂಗತಿ. ಕೂಡ್ಲಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಇಂದಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಹುಳಿಯಾಗದ ತೆಂಗಿನ ರಸಕ್ಕೆ 'ಕಲ್ಪರಸ' ಎಂದು ಹೆಸರಿಟ್ಟು, ಅದನ್ನು ಇಳಿಸುವ ಪೆಟ್ಟಿಗೆಯನ್ನು ರೂಪಿಸಿದವರು ಅಲ್ಲಿನ ವಿಜ್ಞಾನಿಗಳು.

ಇಳಿಸುವ ಕ್ರಮ ಹೀಗೆ. ಇನ್ನೂ ಬಿರಿಯದ, ಚೆನ್ನಾಗಿ ಬಲಿತ ಹೊಂಬಾಳೆಯನ್ನು ಆರಿಸಿ ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿ ಕಟ್ಟಬೇಕು. ದಿನವೂ ಮೆಲ್ಲಗೆ ತಟ್ಟುತ್ತ, ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ ಹೋಗಬೇಕು. ಜೋರಾಗಿ ಹೊಡೆದರೆ ಒಳಗಿನ ಎಳೆಗಳು ಜಜ್ಜಿ ರಸ ಕಟ್ಟಿಹೋಗುತ್ತದೆ. ತುದಿ ಕತ್ತರಿಸಿದ ಮೇಲೆ ಬೆಳಿಗ್ಗೆ, ಸಂಜೆ ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಕತ್ತಿ ಮೊಂಡಾಗಿದ್ದರೆ ಅಥವಾ ಕೈ ಭಾರವಾಗಿದ್ದರೆ ಸುಮಾರು ಆರು ವಾರ ರಸ ಕೊಡಬೇಕಾದ ಹೊಂಬಾಳೆ ಅದಕ್ಕೆ ಬಹಳ ಮೊದಲೇ ಮುಗಿದುಹೋಗುತ್ತದೆ. ಒಳ್ಳೆಯ ಮರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕೊಡುತ್ತದೆ.

ಹಳೆಯ ಕ್ರಮದಲ್ಲಿ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಸುಣ್ಣ ಹುಳಿಯಾಗುವುದನ್ನು ತಡೆಯುತ್ತದೆ, ಆದರೆ ರಸ ಬೆಳ್ಳಗಾಗಿ ವಾಸನೆ ಹಿಡಿಯುತ್ತದೆ. ಕಲ್ಪರಸದ ಕ್ರಮದಲ್ಲಿ ಸುಣ್ಣದ ಜಾಗಕ್ಕೆ ಮಂಜುಗಡ್ಡೆ ಬಂದಿದೆ. ಟೊಳ್ಳು ಪಿವಿಸಿ ಕೊಳವೆಯ ಒಂದು ತುದಿಯನ್ನು ಪೆಟ್ಟಿಗೆಯಂತೆ ಅಗಲಿಸಿ, ರಸ ಬೀಳುವ ಪಾತ್ರೆಯ ಸುತ್ತ ಮಂಜುಗಡ್ಡೆ ತುಂಬುತ್ತಾರೆ. ಇನ್ನೊಂದು ತುದಿ ಹೊಂಬಾಳೆಗೆ ತೊಡಿಸಲು. ಹೊರಗೆ ತಾಪ ತಡೆಯುವ ಹೊದಿಕೆ. ಹತ್ತು ಹನ್ನೆರಡು ಗಂಟೆ ರಸ ತಣ್ಣಗಿರುತ್ತದೆ, ಇಳಿಸಿದಾಗ ಜೇನಿನ ಬಣ್ಣ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಏಳರ ಮೇಲೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ನಿನ್ನೆಯ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆಯದಿದ್ದರೆ ಅಂಚಿನಲ್ಲಿ ಉಳಿದ ಯೀಸ್ಟ್ ಇಂದಿನ ರಸಕ್ಕೆ ಹೆಪ್ಪು ಹಾಕಿದ ಹಾಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಮಂಜುಗಡ್ಡೆ ಲೆಕ್ಕಕ್ಕಿಂತ ಮೊದಲೇ ಕರಗುತ್ತದೆ. ಮರದಿಂದ ಸಂಗ್ರಹ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ತಂಪು ತಪ್ಪುತ್ತದೆ. ಈ ಮೂರನೆಯದೇ ಎಷ್ಟೋ ನೀರಾ (ಹುಳಿ ಬಾರದ ಸಿಹಿ ರಸ) ಘಟಕಗಳನ್ನು ಸೋಲಿಸಿತು. ಕೇರಳ 2014ರಲ್ಲಿ ತೆಂಗು ಉತ್ಪಾದಕ ಕಂಪನಿಗಳಿಗೆ ನೀರಾ ಪರವಾನಗಿ ಕೊಡಲು ತೊಡಗಿತು. ಕಾಗದ ಕೊಟ್ಟಷ್ಟು ಸುಲಭವಾಗಿ ಶೀತಲ ಸರಪಳಿ ಬರಲಿಲ್ಲ. ಪರವಾನಗಿಯೂ ಅಬಕಾರಿಯ ಕೈಯಲ್ಲೇ ಉಳಿಯಿತು. ಹಾಲಿನ ಡೇರಿ ನಡೆಸುವಂಥ ಕೆಲಸವೊಂದನ್ನು ಸಾರಾಯಿ ಹಿಡಿಯಲು ಇರುವ ಇಲಾಖೆ ನೋಡಿಕೊಳ್ಳುವುದು ಯಾರಿಗೂ ನ್ಯಾಯವಲ್ಲ, ಆ ಇಲಾಖೆಗೂ.

ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ವ್ಯಾಖ್ಯೆಯಿಂದ 'ಹುಳಿ ಬಾರದ ರಸ' ಎಂಬುದನ್ನು ಕಿತ್ತು, ಶೇ. 0.5ರ ಗೆರೆಯನ್ನು ಅಲ್ಲಿಗೆ ತರಬೇಕು. ತೋಟದಲ್ಲಿ ಪಿಎಚ್ ಕಾಗದವೇ ಮೊದಲ ಪರೀಕ್ಷೆ: ಆರಕ್ಕಿಂತ ಕೆಳಗಿಳಿದರೆ ಹುಳಿ ಶುರುವಾಗಿದೆ, ಆ ಪಾತ್ರೆ ಕಲ್ಪರಸಕ್ಕೆ ಬೇಡ, ವಿನೆಗರ್‌ಗೆ ಹೋಗಲಿ. ಅನುಮಾನವಿದ್ದರೆ ಪ್ರಯೋಗಾಲಯದಲ್ಲಿ ಭಟ್ಟಿ ಇಳಿಸಿ ಮದ್ಯಸಾರ ಅಳೆಯಬಹುದು. ಒಳ್ಳೆಯ ರಸ ಉಳಿದರೆ ಸಕ್ಕರೆ ಮಾಡಬಹುದು. ಸುಮಾರು ಎಂಟು ಲೀಟರಿಗೆ ಒಂದು ಕಿಲೋ ಬರುತ್ತದೆ. ಕಾಯಿಸುವುದು, ಜರಡಿ ಹಿಡಿಯುವುದು, ಪ್ಯಾಕ್ ಮಾಡುವುದು ಎಲ್ಲವೂ ಮರ ಹತ್ತದವರಿಗೂ ಸಿಗುವ ಕೆಲಸ. ಕೇರಳದ ಮಹಿಳೆಯರ ಕುಟುಂಬಶ್ರೀ ಸ್ವಸಹಾಯ ಗುಂಪುಗಳು ಮಾಡಬಲ್ಲ ಕೆಲಸ.

ಹುಳಿ ಬಂದ ಕಳ್ಳಿಗೂ ಲೆಕ್ಕದ ಕಣ್ಣು ಬೇಕು. ನೂರು ಮಿಲಿಲೀಟರ್ ರಸದಲ್ಲಿ 15 ಗ್ರಾಂ ಸಕ್ಕರೆ ಇದ್ದರೆ, ಅದಷ್ಟೂ ಮದ್ಯಸಾರವಾದರೆ ಶೇ. 10ರಷ್ಟಾಗುತ್ತದೆ. ನಿಜದಲ್ಲಿ ಬ್ಯಾಕ್ಟೀರಿಯಾಗಳು ಒಂದು ಪಾಲನ್ನು ಹುಳಿಯಾಗಿಸುವುದರಿಂದ ಅಷ್ಟು ಏರುವುದಿಲ್ಲ. ಆದರೆ ಮರ, ಋತು, ಇಳಿಸಿದ ಗಂಟೆ ಇವುಗಳ ಮೇಲೆ ಅದು ಏರಿಳಿಯುತ್ತದೆ. ಕೇರಳದಲ್ಲಿ ತೆಂಗಿನ ಕಳ್ಳಿಗೆ ಶೇ. 8.1ರ ಮಿತಿ ಹಾಕಿದ್ದು ಕೋರ್ಟಿನವರೆಗೆ ಹೋಗಿದ್ದು ಇದಕ್ಕೇ. ಏನೂ ಬೆರೆಸದ ಕಳ್ಳು ಸಂಜೆಗೆ ಮಿತಿ ದಾಟಿದರೆ ಅಂಗಡಿಯವನು ತಪ್ಪಿತಸ್ಥ. ಹಿಡಿಯಬೇಕಾದದ್ದು ಮತ್ತು ಏರಿಸಲು ಕದ್ದು ಬೆರೆಸುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ, ಮೆಥನಾಲ್. 1982ರ ವೈಪಿನ್, 2000ದ ಕಲ್ಲುವಾತುಕ್ಕಲ್ ಮರೆಯುವಂಥವಲ್ಲ, ಅಲ್ಲಿ ಜನ ಸತ್ತದ್ದು ವಿಷದ ಸಾರಾಯಿಯಿಂದ. ನಾನು ಕೇಳುತ್ತಿರುವುದು ಕಾವಲು ಸಡಿಲಿಸಲು ಅಲ್ಲ, ಜೀವ ತೆಗೆಯುವುದರ ಮೇಲೆ ಕಣ್ಣಿಡಲು.

ಕಳ್ಳನ್ನು ಬಾಟಲಿಗೆ ತುಂಬಿ ಮಾರುವ ಮಾತು ಆಗಾಗ ಬರುತ್ತದೆ. ಒಂದು ಲೀಟರ್ ಕಳ್ಳಿನಲ್ಲಿ ಮದ್ಯಸಾರ ಶೇ. 1ರಷ್ಟು ಏರಿದರೆ ಸುಮಾರು ನಾಲ್ಕು ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಹೆಚ್ಚುಕಡಿಮೆ ಒಂದು ಸೋಡಾ ಬಾಟಲಿಯೊಳಗಿನಷ್ಟು. ತುಂಬಿದ ಮೇಲೆ ಶೇ. 2 ಏರಿದರೆ ಸಾಧಾರಣ ಗಾಜು ಒಡೆಯುತ್ತದೆ. ಆದ್ದರಿಂದ ಹುಳಿಯನ್ನು ಮೊದಲು ಮುಗಿಸಬೇಕು ಅಥವಾ ಪಾಶ್ಚರೀಕರಿಸಬೇಕು. ಪಾಶ್ಚರೀಕರಿಸಿದರೆ ಕಳ್ಳಿನ ಹದ ಬದಲಾಗುತ್ತದೆ. ಇದನ್ನು ಮೊದಲೇ ಹೇಳದೆ ಕಳ್ಳು ಇಳಿಸುವ ಮೂರ್ತೆದಾರರ ಸೊಸೈಟಿಗಳಿಗೆ ಸಾಲ ಹಂಚಬಾರದು.

ದೂರದ ನಿಯಮ ನೋಡಿ. 2002ರ ಅಬಕಾರಿ ಅಂಗಡಿ ವಿಲೇವಾರಿ ನಿಯಮದಂತೆ ಗಡಂಗು, ಅಂದರೆ ಕಳ್ಳಿನಂಗಡಿ, ಶಾಲೆಯಿಂದ, ದೇವಸ್ಥಾನದಿಂದ 400 ಮೀಟರ್ ದೂರ ಇರಬೇಕು. 2017ರಲ್ಲಿ ನಾಲ್ಕು ನಕ್ಷತ್ರ ಮತ್ತು ಮೇಲಿನ ಹೋಟೆಲಿನ ಬಾರಿಗೆ ಇದ್ದ ದೂರವನ್ನು 200ರಿಂದ 50 ಮೀಟರಿಗೆ ಇಳಿಸಿದರು. ವಿಸ್ಕಿಗೆ 50, ಕಳ್ಳಿಗೆ 400. ಮನೆಗಳು ಒತ್ತೊತ್ತಾಗಿರುವ ನಮ್ಮ ಕರಾವಳಿಯಲ್ಲಿ 400 ಮೀಟರ್ ಅಳೆದರೆ ಊರಲ್ಲಿ ಜಾಗವೇ ಉಳಿಯುವುದಿಲ್ಲ. ಇದರ ಹೊರೆ ಬಿದ್ದದ್ದು ತೀಯ, ಬಿಲ್ಲವ ಮನೆಗಳ ಕುಲಕಸುಬಿನ ಮೇಲೆ.

ಇನ್ನು ಗೇರುಹಣ್ಣು. ಒಂದು ಕಿಲೋ ಬೀಜದ ಜತೆ ಆರರಿಂದ ಹತ್ತು ಕಿಲೋ ಹಣ್ಣು ಬೀಳುತ್ತದೆ, ಬಹುಪಾಲು ಮರದಡಿಯಲ್ಲೇ ಕೊಳೆಯುತ್ತದೆ. ಗೋವಾ ಇದೇ ಹಣ್ಣಿನಿಂದ ಫೆನಿ ಮಾಡಿ 2009ರಲ್ಲಿ ಭೌಗೋಳಿಕ ಸೂಚಿಕೆ ಪಡೆಯಿತು. ಮಹಾರಾಷ್ಟ್ರ 2001ರ ದ್ರಾಕ್ಷಿ ನೀತಿಯಲ್ಲಿ ರಾಜ್ಯದ ವೈನಿಗೆ ಅಬಕಾರಿ ಸುಂಕ ಬಿಟ್ಟಿತು, ನಾಸಿಕದಲ್ಲಿ ವೈನರಿಗಳು ಎದ್ದವು. ಕೇರಳವೂ 2022ರಲ್ಲಿ ರಾಜ್ಯದ ಹಣ್ಣುಗಳಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ತಂದಿತು. ಬಾಗಿಲು ತೆರೆದಿದೆ, ಆದ್ದರಿಂದ ಕೆಲಸದ ವಿವರ ತಿಳಿದಿರಬೇಕು.

ಬಿದ್ದ ಹಣ್ಣನ್ನು ಅದೇ ದಿನ ಹಿಂಡಬೇಕು. ಮರುದಿನಕ್ಕೆ ಅದು ತಾನಾಗಿಯೇ ಹುಳಿ ಬಂದಿರುತ್ತದೆ. ಕಬ್ಬಿಣದ ಪಾತ್ರೆ ಬೇಡ, ಒಗರಿನ ಟ್ಯಾನಿನ್ ಕಬ್ಬಿಣ ತಾಗಿದರೆ ರಸ ಕಪ್ಪಾಗುತ್ತದೆ. ಸ್ಟೀಲ್ ಒಳ್ಳೆಯದು. ಒಗರು ಇಳಿಸಲು ಲೀಟರಿಗೆ 5 ಗ್ರಾಂ ಸಾಬಕ್ಕಿಯ ಹಿಟ್ಟನ್ನು ಗಂಜಿ ಮಾಡಿ, ತಣಿಸಿ, ರಸಕ್ಕೆ ಕಲಸಿ ಇಡಬೇಕು. ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ರಸದ ಸಕ್ಕರೆ ಸಾಮಾನ್ಯವಾಗಿ 10ರಿಂದ 12 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ. ಹಾಗೇ ಹುಳಿಯಿಟ್ಟರೆ ಮದ್ಯಸಾರ ಶೇ. 5, 6ಕ್ಕೆ ನಿಂತು ಬೇಗ ಕೆಡುತ್ತದೆ. ಲೀಟರಿಗೆ ನೂರು ಗ್ರಾಂಗಿಂತ ತುಸು ಹೆಚ್ಚು ಸಕ್ಕರೆ ಸೇರಿಸಿ 20-22ಕ್ಕೆ ತಂದರೆ ಶೇ. 11ರ ಹತ್ತಿರ ಬರುತ್ತದೆ. ಕಾಡು ಯೀಸ್ಟನ್ನು ತಡೆಯಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಒಂದು ದಿನ ಬಿಟ್ಟು ವೈನ್ ಯೀಸ್ಟ್ ಹಾಕಬೇಕು. ಗಾಳಿ ಹೊರಹೋಗಬೇಕು, ಒಳಬರಬಾರದು. ಬಂದರೆ ವಿನೆಗರ್ ಆಗುತ್ತದೆ. ಪರವಾನಗಿ ಇಲ್ಲದೆ ಇದನ್ನು ಮನೆಯಲ್ಲಿ ಮಾಡುವುದು ಕೇರಳದಲ್ಲಿ ಅಪರಾಧ, ಕ್ರಿಸ್ಮಸ್ಸಿಗೆಂದು ಮಾಡಿದರೂ.

ಗಡಿಯ ಮಾತು ಬಿಡಲಾಗದು. ತಲಪಾಡಿಯ ಆಚೆಗೂ ಈಚೆಗೂ ತೆರಿಗೆ ಬೇರೆ, ಬೆಲೆ ಬೇರೆ. ಕರ್ನಾಟಕದ 180 ಮಿಲಿಲೀಟರಿನ ಪ್ಯಾಕೆಟ್ಟುಗಳು ಮಂಜೇಶ್ವರ, ಕಾಸರಗೋಡು ಕಡೆ ಮತ್ತೆ ಮತ್ತೆ ಸಿಕ್ಕಿಬೀಳುತ್ತವೆ. ಸಾಗಿಸುವವರು ಹೆಚ್ಚಾಗಿ ಕೆಲಸವಿಲ್ಲದ ಹುಡುಗರು. ಅಬಕಾರಿ ಕಾಯ್ದೆಯ 55ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಸಜೆ, ಕನಿಷ್ಠ ಒಂದು ಲಕ್ಷ ದಂಡ. ಇಂಥ ಹುಡುಗನೊಬ್ಬನಿಗೆ ಮರ ಹತ್ತುವ ಯಂತ್ರ, ವಿಮೆ, ಮಂಜುಗಡ್ಡೆಯ ಪೆಟ್ಟಿಗೆ ಕೊಟ್ಟು ಹತ್ತು ಮರ ವಹಿಸಿದರೆ ದಿನಕ್ಕೆ 15ರಿಂದ 20 ಲೀಟರ್ ರಸ ಇಳಿಯುತ್ತದೆ. ಪಂಚಾಯತಿಗೊಂದು ಮಂಜುಗಡ್ಡೆ ಘಟಕ, ಎರಡು ಹೊತ್ತು ಸಂಗ್ರಹದ ವಾಹನ, ಪಿಎಚ್ ನೋಡಿ ಬರೆದಿಡುವ ಒಬ್ಬರು ಇದ್ದರೆ ಸರಪಳಿ ನಿಲ್ಲುತ್ತದೆ. ಈಗ ಮರಕ್ಕೆ ನಂಬರು ಹಾಕುತ್ತಾರೆ. ನಂಬರು ಪ್ರತಿದಿನದ ಪಾತ್ರೆಗೆ ಬೀಳಲಿ: ಮರ, ಗಂಟೆ, ಪಿಎಚ್. ಕೆಟ್ಟದ್ದು ಎಲ್ಲಿಂದ ಬಂತೆಂದು ಹುಡುಕಲು ಆಗ ಒಂದು ಗಂಟೆ ಸಾಕು.

ಗೇರಿನ ಘಟಕಕ್ಕೆ ಅರ್ಜಿ ಹಾಕುವ ಸೊಸೈಟಿಗಳು ಮಳೆ ನಿಂತ ಕೂಡಲೇ ಶುರುಮಾಡಬೇಕು. ಹಣ್ಣು ಫೆಬ್ರವರಿಯಲ್ಲಿ ಬೀಳತೊಡಗಿ ಮೇ ಹೊತ್ತಿಗೆ ಮುಗಿಯುತ್ತದೆ, ಕಾಗದ ಮಾರ್ಚಿನಲ್ಲಿ ಬಂದರೆ ಅರ್ಧ ಬೆಳೆ ಮಣ್ಣಿಗೆ ಸೇರಿರುತ್ತದೆ.