ನೀನು ನೋಡ್ಲಿಲ್ವಾ?

ಭಾನುವಾರ ಬೆಳಿಗ್ಗೆ ಹಾಲು ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ದೊಡ್ಡಮ್ಮ ನನ್ನ ಮಲ್ಲಿಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು ಹಾಕಿದ್ದರು. ಟೆರೇಸ್ ತುಂಬ ಹಸಿರು ಗೆಲ್ಲುಗಳು.

ನನಗೆ ಅಳುವೇ ಬಂತು. ಅದು ನರ್ಸರಿಯಿಂದ ತಂದ ಗಿಡವಲ್ಲ. ಉಡುಪಿ ಕಡೆಯ ಶಂಕರಪುರದ ಹತ್ತಿರ ನಮ್ಮ ಮನೆಯಂಗಳದಲ್ಲಿ ಅಮ್ಮ ಬೆಳೆಸಿದ್ದ ಮಲ್ಲಿಗೆಯ ಗೆಲ್ಲು. ಅಮ್ಮ ತೀರಿಕೊಂಡ ವರ್ಷ ತಂದು ಬೆಂಗಳೂರಿನ ಈ ಕುಂಡದಲ್ಲಿ ನೆಟ್ಟಿದ್ದೆ. ನಾಲ್ಕು ವರ್ಷದಲ್ಲಿ ಒಂದು ಎಲೆಯನ್ನೂ ಕಿತ್ತವಳಲ್ಲ. "ಅಮ್ಮನ ಗಿಡ ದೊಡ್ಡಮ್ಮ, ಹೇಗೆ ಮನಸ್ಸು ಬಂತು?" ಅಂತ ಜೋರಾಗಿಯೇ ಕೇಳಿದೆ.

ಅವರು ತಲೆ ಎತ್ತಲಿಲ್ಲ. "ಅವಳು ವರ್ಷ ವರ್ಷ ಕಡೀತಿದ್ದಳಲ್ಲ ಮಾರಾಯ್ತಿ. ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಉಡುಪಿ ಮಲ್ಲಿಗೆಗೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಬೆಳೆ ಅನ್ನುವ ಅಧಿಕೃತ ಗುರುತು, ಇದೆ ಅಂತ ಆಫೀಸಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದೇನೆ. ಆದರೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು, ಹಳೇ ಗೆಲ್ಲು ಕಡಿಯದಿದ್ದರೆ ಚಿಗುರು ಎಲ್ಲಿಂದ ಬರಬೇಕು ಅನ್ನುವುದು ಗೊತ್ತಿರಲಿಲ್ಲ. ವರ್ಷಕ್ಕೆ ಹತ್ತಿಪ್ಪತ್ತು ಹೂ ಬಿಟ್ಟರೆ ಜಾಸ್ತಿ. ಪಕ್ಕದ ಮನೆಯವರು ಯೂರಿಯಾ ಹಾಕಿ ಅಂದರು, ಹಾಕಿದೆ. ಒಳ್ಳೆಯ ಜನ, ಆದರೆ ಗಿಡ ನೋಡದೆಯೇ ಗೊಬ್ಬರ ಹೇಳುತ್ತಾರೆ. ಎಲೆ ಇನ್ನೂ ದಟ್ಟವಾಯಿತು, ಅಷ್ಟೇ.

ನೀನು ನೋಡ್ಲಿಲ್ವಾ? ಈ ವಾರವಿಡೀ ಬಸ್ಸಲ್ಲಿ, ಪಾತ್ರೆ ತೊಳೆಯುವಾಗ ಅದೇ ಮಾತು. ನಾನು ಏಳುವಾಗ ಮೊಗ್ಗು ಆಗಲೇ ಬುಟ್ಟಿಯಲ್ಲಿರುತ್ತಿತ್ತು. ಅಮ್ಮ ಕತ್ತಲಲ್ಲೇ ಟಾರ್ಚು ಹಿಡಿದು ಕೊಯ್ದು ಬಂದು, ಬಾಳೆನಾರಿನಲ್ಲಿ ಕಟ್ಟುತ್ತಾ ಕೂತಿರುತ್ತಿದ್ದಳು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬದಲಾಗುತ್ತಿತ್ತು. ಮದುವೆ, ದೈವಗಳ ನೇಮ ಜಾಸ್ತಿ ಇರುವ ದಿನಗಳಲ್ಲಿ ಅವಳ ಮುಖ ಅರಳುತ್ತಿತ್ತು. ನನ್ನ ಕಾಲೇಜು ಫೀಸು ಆ ಹೂವಿನದ್ದೇ. ನಾನು ಜಡೆಗೊಂದು ತುಂಡು ಮುಡಿದು ಬಸ್ಸಿಗೆ ಓಡುತ್ತಿದ್ದೆ. ಆಮೇಲೆ ಅವಳು ಹಗಲಿಡೀ ಆ ಗಿಡಗಳ ಜೊತೆ ಏನು ಮಾಡುತ್ತಿದ್ದಳು ಅಂತ ಒಂದು ದಿನವೂ ಕೇಳಲಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ತಮ್ಮನ ಮೇಲೆ ನನಗೆ ಇಷ್ಟು ವರ್ಷ ಸಿಟ್ಟಿತ್ತು. ಈಗಲೂ ಇದೆ. ಅಮ್ಮನ ಗಿಡಗಳಿದ್ದ ಜಾಗದಲ್ಲಿ ಕಾರು ನಿಲ್ಲಿಸಲು ಅವನಿಗೆ ಮನಸ್ಸಾದರೂ ಹೇಗೆ ಬಂತೋ. ಆದರೆ ಬೆನ್ನು ನೋವಿನಲ್ಲಿ ಅವಳು ಬಗ್ಗಿ ಬಗ್ಗಿ ಹೂ ಕೊಯ್ಯುವಾಗ ಬುಟ್ಟಿ ಹಿಡಿದು ಹಿಂದೆ ಹೋಗುತ್ತಿದ್ದವನೂ ಅವನೇ. ನಾನಲ್ಲ.

ದೊಡ್ಡಮ್ಮ ಬುಧವಾರ ಊರಿಗೆ ಹೊರಟರು. ಬಸ್ಸು ಹತ್ತುವಾಗಲೂ ಗಿಡದ್ದೇ ಮಾತು. "ಕಡಲೆ ಹಿಂಡಿ ನೆನೆಸಿ ಹಾಕು. ಬಿಸಿಲಿಗೆ ಇಡು. ಯೂರಿಯಾ ಬೇಡ."

ಕಡಿದ ಗೆಲ್ಲುಗಳಲ್ಲಿ ಆರನ್ನು ಒದ್ದೆ ಮರಳಿಗೆ ಚುಚ್ಚಿಟ್ಟಿದ್ದೇನೆ. ಬೇರು ಬಿಟ್ಟರೆ ಎರಡು ತಮ್ಮನಿಗೆ. ಕುಂಡದಲ್ಲಾದರೂ ಇಟ್ಟುಕೊಳ್ಳಲಿ. ಕಡಿಯುವುದು ಹೇಗೆಂದು ಅವನಿಗೆ ನಾನು ಹೇಳಿಕೊಡಬೇಕಾಗಿಲ್ಲ.