ಕಟಕಟೆಯಲ್ಲಿಲ್ಲದ ನಾಲ್ಕನೆಯವನು

"ಹೊಡೆದೋರು ನಾಕು ಜನ ಸ್ವಾಮಿ, ಇಲ್ಲಿ ಮೂರೇ ಜನ ಅವ್ರೆ. ಮಚ್ಚು ಹಿಡಿದಿದ್ದೋನೇ ಇಲ್ಲ." ಚಿತ್ರದುರ್ಗದ ನ್ಯಾಯಾಲಯದಲ್ಲಿ ಈ ವಾರ ಕೇಳಿದ ಈ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಹೊಲದ ಬದುವಿನ ಜಗಳದಲ್ಲಿ ಗಂಡನ ತೋಳಿಗೆ ಬಿದ್ದ ಏಟನ್ನು ಕಣ್ಣಾರೆ ಕಂಡ ಆ ಹೆಣ್ಣುಮಗಳು, ಮೂವರು ಆರೋಪಿಗಳನ್ನು ಒಬ್ಬೊಬ್ಬರಾಗಿ ಬೆರಳಿಟ್ಟು ತೋರಿಸಿ, ನಾಲ್ಕನೆಯ ಹೆಸರು ಹೇಳುವಾಗ ಅವರ ಪಕ್ಕದ ಖಾಲಿ ಜಾಗದತ್ತ ಕೈ ಚಾಚಿದರು. ಟೈಪಿಸ್ಟ್ ಕೈ ತಡೆದು ನ್ಯಾಯಾಧೀಶರ ಮುಖ ನೋಡಿದರು. "ಹೇಳಿದ್ದು ಹೇಳಿದ ಹಾಗೇ ಬರಲಿ" ಎಂದರು ಅವರು.

ಆ ಹೆಸರು ಎಫ್‌ಐಆರ್‌ನಲ್ಲಿತ್ತು, ದೋಷಾರೋಪ ಪಟ್ಟಿಯಲ್ಲಿರಲಿಲ್ಲ. ಅಂದು ಆತ ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಒಯ್ದಿದ್ದನೆಂಬ ಅವನ ನೆಂಟರ ಹೇಳಿಕೆಯನ್ನು ನಂಬಿ ತನಿಖಾಧಿಕಾರಿ ಅವನನ್ನು ಕೈಬಿಟ್ಟಿದ್ದರು. ಮಂಡಿಯ ಒಂದು ಚೀಟಿಯನ್ನೂ ಕೇಳದೆ ಮುಗಿಸಿದ ಅದನ್ನು ತನಿಖೆಯೆಂದು ಕರೆಯಲು ನನಗೆ ಮನಸ್ಸು ಬಾರದು.

ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ಆರಂಭವಾಗಿದ್ದರಿಂದ, ಗಾಯಾಳುವಿನ ಪರವಾಗಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 319ನೇ ಕಲಮಿನಡಿಯೇ ಅರ್ಜಿ ಸಿದ್ಧಪಡಿಸಿ ಸರ್ಕಾರಿ ಅಭಿಯೋಜಕರ ಮೂಲಕ ಸಲ್ಲಿಸಿದೆವು. ವಿಚಾರಣೆಯಲ್ಲಿ ಬಂದ ಸಾಕ್ಷ್ಯದಿಂದ ಬೇರೊಬ್ಬನೂ ಅಪರಾಧ ಮಾಡಿದ್ದಾನೆಂದು ಕಂಡರೆ ಅವನನ್ನೂ ಆರೋಪಿಯಾಗಿ ಕರೆಸುವ ಅಧಿಕಾರವನ್ನು ಈ ಕಲಮು ನ್ಯಾಯಾಲಯಕ್ಕೆ ಕೊಡುತ್ತದೆ. ಹೊಸ ಸಂಹಿತೆಯಲ್ಲಿ ಅದೇ ಅಧಿಕಾರ 358ನೇ ಕಲಮಿನಲ್ಲಿದೆ. ಹಿರಿಯ ವಕೀಲರೊಬ್ಬರು, "ಮೂವರಿಗೆ ಶಿಕ್ಷೆಯಾದರೆ ಸಾಲದೇನಪ್ಪಾ? ಅವನನ್ನು ಎಳೆತಂದರೆ ಮತ್ತೆ ಮೊದಲಿಂದ ಶುರು" ಎಂದರು. ಹೊಸದಾಗಿ ಸೇರಿದವನ ಮಟ್ಟಿಗೆ ಸಾಕ್ಷಿಗಳನ್ನು ಮತ್ತೆ ವಿಚಾರಿಸಬೇಕೆಂದು ಕಲಮೇ ಹೇಳುವುದರಿಂದ ಅವರ ಮಾತು ಸುಳ್ಳಲ್ಲ. ಆದರೆ ಮಚ್ಚು ಹಿಡಿದವನನ್ನು ಊರಲ್ಲಿ ಬಿಟ್ಟು, ಜೊತೆಗೆ ನಿಂತವರನ್ನಷ್ಟೇ ಜೈಲಿಗೆ ಕಳುಹಿಸಿದರೆ ಈ ಹೆಂಗಸು ನಾಳೆ ಅದೇ ಬದುವಿನ ಮೇಲೆ ನಡೆಯುವುದು ಹೇಗೆ?

ಹೆಸರು ಹೇಳಿದ ಮಾತ್ರಕ್ಕೆ ಯಾರಿಗೂ ಸಮನ್ಸ್ ಹೋಗಬಾರದು. ಹಳ್ಳಿಯ ದ್ವೇಷಗಳಲ್ಲಿ ಇಡೀ ಮನೆತನವನ್ನೇ ಸೇರಿಸುವ ಚಾಳಿಯನ್ನು ನಾನೂ ಬಲ್ಲೆ. ಅದಕ್ಕೆಂದೇ 2014ರ ಹರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೋಷಾರೋಪ ಹೊರಿಸಲು ಸಾಕಾಗುವ ಮೇಲ್ನೋಟದ ಆಧಾರಕ್ಕಿಂತ ಬಲವಾದ ಸಾಕ್ಷ್ಯ ಬೇಕೆಂದು ವಿಧಿಸಿತು. ಪಾಟೀಸವಾಲು ಮುಗಿಯುವವರೆಗೆ ಅರ್ಜಿ ಪರಿಗಣಿಸಬಾರದೆಂಬುದು ಎದುರು ವಕೀಲರ ತಕರಾರು. ಅದಕ್ಕೆ ಕಾಯಬೇಕಿಲ್ಲ, ಮುಖ್ಯ ವಿಚಾರಣೆಯಲ್ಲಿ, ಅಂದರೆ ಸಾಕ್ಷಿಯನ್ನು ಕರೆಸಿದವರೇ ಮೊದಲು ಪ್ರಶ್ನಿಸುವಾಗ, ಕೊಟ್ಟ ಹೇಳಿಕೆಯ ಮೇಲೆಯೇ ಈ ಅಧಿಕಾರ ಚಲಾಯಿಸಬಹುದೆಂದು ಅದೇ ಪೀಠ ಹೇಳಿದೆ. ಶಿಕ್ಷೆಯ ಆದೇಶ ಹೊರಬಿದ್ದ ಮೇಲೆ ಈ ಬಾಗಿಲು ಮುಚ್ಚುತ್ತದೆಂದು 2022ರ ಸುಖಪಾಲ್ ಸಿಂಗ್ ಖೈರಾ ತೀರ್ಪು ಸ್ಪಷ್ಟಪಡಿಸಿರುವುದರಿಂದ, ಮುಂದಿನ ವಾಯಿದೆಗೇ ಅರ್ಜಿಯ ಮೇಲೆ ವಾದ ಮಂಡಿಸಲಿದ್ದೇವೆ.